ಗೀರಿಲ್ಲದ ಹಲಗೆ

ಮೇಜಿನ ಕೆಳಗೆ ತಲೆ ಹಾಕುವುದು ಶ್ರೇಣಿಕನಿಗೆ ನಾಚಿಕೆಯ ಕೆಲಸವಾಗಿತ್ತು.

ಸಾಂಗ್ಲಿ-ಮಿರಜ ರಸ್ತೆಗೆ ಮುಖ ಮಾಡಿದ ಅವನ ಬಡಗಿ ಕೆಲಸದ ಶೆಡ್ಡಿಗೆ ಈಗ ಫ್ಲ್ಯಾಟ್ ಕೊಂಡವರು ಬರತೊಡಗಿದ್ದರು. ಬ್ಯಾಂಕಿನವರು, ಡಾಕ್ಟರರು, ಮೊಬೈಲಿನಲ್ಲಿ ಮಾತಾಡುತ್ತಲೇ ಕಟ್ಟಿಗೆ ತಟ್ಟಿ ನೋಡುವ ಅವರ ಹೆಂಡಂದಿರು. ಸಾಂಗ್ಲಿ, ಮಿರಜ, ಕುಪವಾಡ ಸೇರಿ ಒಂದೇ ಮಹಾನಗರಪಾಲಿಕೆಯಾದ ಮೇಲೆ ನಡುವಿನ ಜೋಳದ ಹೊಲಗಳಲ್ಲಿ ಕಟ್ಟಡಗಳು ಎದ್ದಿದ್ದವು. ಕಟ್ಟಡ ಎದ್ದಲ್ಲೆಲ್ಲ ಬಾಗಿಲು ಬೇಕಿತ್ತು. ಬಾಗಿಲಿನ ಅಂಚಿಗೆ ನಕ್ಷೆ ಬೇಕಿತ್ತು. ಅಂಚು ಕೊರೆಯುವ ಯಂತ್ರ ರೌಟರ್. ಮೇಜಿನ ಹೊಟ್ಟೆಯಲ್ಲಿ ತಲೆಕೆಳಗಾಗಿ ನೇತಾಡುವ ಮೋಟರು ಅದು. ಅದರ ಅಲಗು ಮಾತ್ರ ಮೇಜಿನ ತೂತಿನಿಂದ ಮೇಲಕ್ಕೆ ಇಣುಕುತ್ತದೆ. ಆ ಅಲಗನ್ನು ಕೂದಲೆಳೆಯಷ್ಟು ಏರಿಸಬೇಕಾದರೂ ಶ್ರೇಣಿಕ ಮೊಣಕಾಲೂರಿ ಮೇಜಿನ ಕೆಳಗೆ ತೂರಿ, ಒಂದು ಕೈಯಲ್ಲಿ ಮೋಟರಿನ ಭಾರ ಹೊತ್ತು, ಇನ್ನೊಂದು ಕೈಯಲ್ಲಿ ತಿರುಪು ಸಡಿಲಿಸಬೇಕಿತ್ತು. ಆ ಹೊತ್ತಿಗೆ ಗಿರಾಕಿ ಬಂದರೆ ಅವರಿಗೆ ಮೊದಲು ಕಾಣುತ್ತಿದ್ದುದು ಮಾಲೀಕನ ಕುಂಡೆ.

ಒಮ್ಮೆ ಒಬ್ಬ ಹೆಂಗಸು ಬಂದು, ಮಾಲೀಕರು ಇದ್ದಾರೆಯೇ ಎಂದು ಮರಾಠಿಯಲ್ಲಿ ಕೇಳಿದಳು. ಶೆಡ್ಡಿನಲ್ಲಿ ಶ್ರೇಣಿಕನ ಜೊತೆ ಕೆಲಸ ಮಾಡುವ, ಅವನ ಕಾಕಾನ ಮಗ ಪಾರಿಸ, ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮರಾಠಿಯಲ್ಲೇ ಏನೋ ಹೇಳಿದ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು.

ಅವಳು ಹೋದ ಮೇಲೆ ಶ್ರೇಣಿಕ ಕೇಳಿದ. "ಏನಂದೆಲೇ ಅಕೀಗೆ?"

"ಮಾಲೀಕರು ನಿಮ್ಮ ಮುಂದನ ಅದಾರ್ರಿ, ಮಾರಿ ತಿರುಗಸೂ ತನಕಾ ತಡೀರಿ ಅಂದೆ. ಸುಳ್ಳೇನು?"

ಆ ವಾರವೇ ಶ್ರೇಣಿಕ ರೌಟರ್ ಲಿಫ್ಟ್ ಕೊಳ್ಳಲು ಮಿರಜಿಗೆ ಹೋದ.

ಮಿರಜಿನ ಪೇಟೆಯಲ್ಲಿ ಗುರಲಿಂಗಣ್ಣನ ಅಂಗಡಿ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಗಲ್ಲಾಪೆಟ್ಟಿಗೆಯ ಮೇಲೆ ಮುಂಬೈಯಿಂದ ತರಿಸಿದ ಉಪಕರಣಗಳ ಚಿತ್ರದ ಪುಸ್ತಕಗಳು. ಶ್ರೇಣಿಕನ ತಂದೆ ಬದುಕಿದ್ದಾಗಿನಿಂದ ಅವರ ಶೆಡ್ಡಿಗೆ ಮೊಳೆ ತಿರುಪು ಹೋಗುತ್ತಿದ್ದುದು ಇಲ್ಲಿಂದಲೇ.

"ಅಣ್ಣಾರ, ಲಿಫ್ಟ್ ಬೇಕಾಗೇತ್ರಿ."

"ಲಿಫ್ಟ್ ಬೇಕಂದರ ದವಾಖಾನಿಗೆ ಹೋಗು. ಅಥಣಿ ಕಡಿಂದ ಬಂದ ಮಂದಿ ದಿನಾ ನನ್ನ ಅಂಗಡಿ ಮುಂದ ನಿಂತ ದವಾಖಾನಿ ದಾರಿ ಕೇಳತಾರ. ಅವರ ಕೂಡ ನೀನೂ ನಡಿ."

ಹಾಗೆಂದರೂ ಒಳಗಿನಿಂದ ಎರಡು ಡಬ್ಬಿ ತರಿಸಿ ಬಿಚ್ಚಿದ. ಒಂದು ಎರಕದ ಕಬ್ಬಿಣದ್ದು. ಕಪ್ಪು, ಭಾರ, ನಡುವೆ ಒಂದೇ ದಪ್ಪ ತಿರುಪು. ಇನ್ನೊಂದಕ್ಕೆ ನೀಲಿ ಮೆರುಗಿನ ಅಲ್ಯುಮಿನಿಯಮ್ ತಟ್ಟೆ, ಅದರ ಮೇಲೆ ಗಡಿಯಾರದಂಥ ಬಿಳಿ ಮುಖ, ಮುಖದ ಮೇಲೆ ಸಣ್ಣ ಸಣ್ಣ ಗುರುತು. ಎರಡರ ಕೆಲಸವೂ ಒಂದೇ. ಮೋಟರನ್ನು ಕೆಳಗೆ ಅಪ್ಪಿ ಹಿಡಿಯುತ್ತವೆ. ಮೇಲಿನಿಂದ ಹಿಡಿಕೆ ಹಾಕಿ ತಿರುವಿದರೆ ಅಲಗು ಏರುತ್ತದೆ, ಇಳಿಯುತ್ತದೆ. ನಿಂತ ನಿಲುವಿನಲ್ಲೇ. ಬಾಗಬೇಕಿಲ್ಲ.

ಗುರಲಿಂಗಣ್ಣ ಕಪ್ಪನೆಯದರ ಬೆನ್ನು ತಟ್ಟಿದ. "ಇದು ಎಮ್ಮಿ. ನೋಡಾಕ ಚಂದಿಲ್ಲ, ಹಾಲು ಕೊಡತೈತಿ. ನಿನ್ನ ಮೋಟರಿಗೆ ಅಗದೀ ಬರೋಬರಿ ಕುಂದರತೈತಿ."

"ಮತ್ತ ಇದ್ರಿ?"

"ಇದು ಮದುವಿ ಕುದರಿ."

ಶ್ರೇಣಿಕ ನೀಲಿ ತಟ್ಟೆಯ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಹಿಡಿಕೆ ತಿರುವಿದ. ಬಿಳಿ ಮುಖದ ಮುಳ್ಳು ಒಂದೊಂದೇ ಗುರುತು ದಾಟಿತು. ಗಿರಾಕಿಗಳು ನಿಂತು ನೋಡುತ್ತಿದ್ದಾರೆ, ತಾನು ಎರಡೇ ಬೆರಳಲ್ಲಿ ತಿರುವುತ್ತಿದ್ದೇನೆ ಎಂದು ಕಂಡಂತಾಯಿತು.

"ಹೇಳತೀನಿ ಕೇಳು. ಇದರ ಬಾಯಿ ದೊಡ್ಡದು, ನಿನ್ನ ಮೋಟರ್ ಸಣ್ಣದು. ನಡುವ ಸಂದಿ ತುಂಬಾಕ ಬಳಿ ಹಾಕಬೇಕು. ಬಳಿ ಹಾಕಿದ್ದು ಎಂದಾದರೂ ಜಾರತೈತಿ."

"ನೈಲಾನ್ ಬಳಿ ನಾನ ಮಾಡಿ ಹಾಕತೀನ್ರಿ."

"ನೀ ಡಿಪ್ಲೊಮಾ ಓದಿದಾಂವ, ಹಾಕತಿ. ನಿಮ್ಮಪ್ಪ ಇದ್ದಿದ್ದರ ಎಮ್ಮಿ ಒಯ್ತಿದ್ದ."

ಶ್ರೇಣಿಕ ನೀಲಿಯದನ್ನೇ ತಂದ.

ಅದೇ ಹೊತ್ತಿಗೆ, ಭಾದ್ರಪದದ ಮೊದಲಲ್ಲಿ, ಕಾಕಾ ಧನ್ಯಕುಮಾರ ಹತ್ತಿರದ ಊರು ಸಮಡೋಳಿಯಿಂದ ಸಾಂಗ್ಲಿವಾಡಿಯ ಶ್ರೇಣಿಕನ ಮನೆಗೆ ಬಂದರು. ಆ ವರ್ಷ ಒಬ್ಬ ದಿಗಂಬರ ಜೈನ ಮುನಿ ಮಹಾರಾಜರ ಚಾತುರ್ಮಾಸ ಸಮಡೋಳಿಯ ಬಸದಿಯಲ್ಲಿ ನಡೆದಿತ್ತು. ಮಳೆಗಾಲದ ನಾಲ್ಕು ತಿಂಗಳು ಅವರು ಊರು ಬಿಟ್ಟು ಕದಲುವುದಿಲ್ಲ. ಮೈಮೇಲೆ ಬಟ್ಟೆ ಇಲ್ಲ, ಹಾಸಿಗೆ ಇಲ್ಲ. ಕೈಯಲ್ಲಿ ನವಿಲುಗರಿಯ ಪಿಂಛಿ, ಒಂದು ಕಮಂಡಲು. ಕಾಕಾ ಅಲ್ಲಿಯ ಕಮಿಟಿಯಲ್ಲಿದ್ದರು.

ಕೂತ ಕೂಡಲೇ ಶ್ರೇಣಿಕನ ತಾಯಿ ಶಾಲನಳಿಗೆ ಹೇಳಿದರು. "ವೈನಿ, ಮಹಾರಾಜರಿಗೆ ಕೆಮ್ಮ ಹತ್ತೇತಿ. ನೆಲಾ ಪೂರಾ ತಂಪ. ಹಲಗಿ ಮ್ಯಾಲಾದರೂ ಮಲಗ್ರಿ ಅಂತ ಎಲ್ಲಾರೂ ಕೈ ಮುಗದ ಮ್ಯಾಲೆ ಹೂಂ ಅಂದಾರ. ಆದರ ತಮ್ಮ ಸಲುವಾಗಿ ಅಂತ ಹೊಸಾದು ಮಾಡಸಬಾರದಂತ. ಯಾರದರ ಮನ್ಯಾಗ ಇದ್ದದ್ದು ಬೇಕು. ನನಗ ನಿಮ್ಮ ಹಲಗಿ ನೆನಪಾತು."

ಶಾಲನ ಎದ್ದು ಅಡಿಗೆಮನೆಯ ಹಿಂದಿನ ಗೋಡೆಗೆ ಆನಿಸಿದ್ದ ಹಲಗೆಯ ಮೇಲೆ ಕೈ ಆಡಿಸಿ ಬಂದಳು. ಅವಳ ಮಾವ ಇದ್ದಾಗ ಒಬ್ಬ ಮಹಾರಾಜರು ಒಂದು ಚಾತುರ್ಮಾಸವಿಡೀ ಅದರ ಮೇಲೆ ಮಲಗಿದ್ದರು. ಆಗ ಅವಳು ಹೊಸ ಸೊಸೆ. ದಿನಾ ಮುಂಜಾನೆ ಅದನ್ನು ಒರೆಸುವ ಕೆಲಸ ಅವಳದಾಗಿತ್ತು. ಆಮೇಲೆ ಅದರ ಮೇಲೆ ಅತ್ತೆ ಮಲಗಿ ಮುದುಕಿಯಾಗಿ ತೀರಿಕೊಂಡಳು. ಈಗ ಬೇಸಿಗೆಯಲ್ಲಿ ಶಾಲನ ಅದರ ಮೇಲೆ ಶಾವಿಗೆ ಒಣಗಿಸುತ್ತಿದ್ದಳು. ಒಂದೇ ತುಂಡಿನ ತೇಗ. ಅಂಚುಗಳು ಯಾವ ಯಂತ್ರವೂ ಇಲ್ಲದೆ, ಬರೀ ಕೈಗಳು ಹಿಡಿದು ಹಿಡಿದು ದುಂಡಗಾಗಿದ್ದವು. ಒಂದು ಮೂಲೆಯಲ್ಲಿ ಅರಿಶಿನ ಚೆಲ್ಲಿದ ಕಲೆ.

"ಈ ಜನ್ಮದಾಗ ಇನ್ನೊಮ್ಮೆ ಒರಸೂ ಭಾಗ್ಯ ಬರತೈತಿ ಅಂದುಕೊಂಡಿದ್ದಿಲ್ಲ" ಎಂದಳು.

ಶ್ರೇಣಿಕನಿಗೆ ಮಾತ್ರ ಆ ಕಲೆ ಕಂಡಿತು. ದಶಲಕ್ಷಣ ಪರ್ವದ ಹತ್ತು ದಿನ ಸಾಂಗ್ಲಿಯಿಂದ, ಕೊಲ್ಹಾಪುರದಿಂದ ಕಾರುಗಳು ಸಮಡೋಳಿಗೆ ಬರುತ್ತವೆ. ಬಾಗಿಲು ಮಾಡಿಸುವವರೆಲ್ಲ ಬರುತ್ತಾರೆ. ಇದು ಯಾರ ಮನೆಯ ಹಲಗೆ ಎಂದು ಕೇಳುತ್ತಾರೆ. ಸಾಂಗ್ಲಿಯ ಆ ದೊಡ್ಡ ಶೆಡ್ಡಿನವರದು ಎಂದು ಕಾಕಾ ಹೆಮ್ಮೆಯಿಂದ ಹೇಳುತ್ತಾರೆ. ಅವರ ಕಣ್ಣೆದುರು ಶಾವಿಗೆಯ ಹಲಗೆ.

"ಅಳತಿ ತಗೋತೀನಿ ಆಯಿ" ಎಂದು ತಾಯಿಗೆ ಹೇಳಿ ಅವನು ಅದನ್ನು ಶೆಡ್ಡಿಗೆ ಒಯ್ದ.

ಅಳತೆ ತೆಗೆದುಕೊಂಡದ್ದು ನಿಜ. ಅದೇ ಉದ್ದ, ಅದೇ ಅಗಲ, ಅದೇ ದಪ್ಪಕ್ಕೆ ಹೊಸ ತೇಗದ ಹಲಗೆ ತಯಾರು ಮಾಡಿದ. ಮಾಡಿಸಬಾರದು ಎಂದಿದ್ದಾರೆ ಸರಿ. ಆದರೆ ಇದನ್ನು ಮನೆಗಾಗಿ ಮಾಡಿದೆ, ಮನೆಯಲ್ಲಿತ್ತು, ಅದಕ್ಕೇ ತಂದೆ ಎಂದರಾಯಿತು. ಇನ್ನು ಉಳಿದದ್ದು ಅಂಚು.

ಲಿಫ್ಟನ್ನು ಮೇಜಿಗೆ ಕೂರಿಸಿದ ದಿನ ಅವನು ತುಂಬ ಸುಖವಾಗಿದ್ದ. ನೀಲಿ ತಟ್ಟೆಯ ನಾಲ್ಕು ಮೂಲೆಗೂ ಒಂದೊಂದು ಸಣ್ಣ ತಿರುಪು. ಅವನ್ನು ಏರಿಸಿ ಇಳಿಸಿ, ಉಕ್ಕಿನ ಪಟ್ಟಿಯನ್ನು ಅಡ್ಡ ಇಟ್ಟು, ಬೆಳಕಿಗೆ ಕಣ್ಣು ಹಚ್ಚಿ ನೋಡಿದ. ತಟ್ಟೆ ಮೇಜಿಗಿಂತ ಎದ್ದಿದ್ದರೆ ಕಟ್ಟಿಗೆ ತಡೆಯುತ್ತದೆ, ತಗ್ಗಿದ್ದರೆ ಬೀಳುತ್ತದೆ. ಪಟ್ಟಿಯ ಕೆಳಗೆ ಎಲ್ಲಿಯೂ ಬೆಳಕು ತೂರದಂತೆ ಆದಾಗ ಪಾರಿಸನನ್ನು ಕರೆದು ತೋರಿಸಿದ. ಪಾರಿಸ ತಟ್ಟೆಯ ಮೇಲೆ ಕೈ ಸವರಿ, "ಹೇಮಾಮಾಲಿನಿ ಗಲ್ಲಾ ಇದ್ದಂಗ ಐತೆಲೇ" ಎಂದ.

ಅಲಗಿನ ಎತ್ತರ ನೋಡಲು ಮೊದಲು ಬೇರೆ ತುಣುಕಿನ ಮೇಲೆ ಕೊರೆಯಬೇಕು. ತುಣುಕು ಅದೇ ಜಾತಿಯದಾಗಿರಬೇಕು, ಅದೇ ದಪ್ಪದ್ದಾಗಿರಬೇಕು. ಹಾಗೆ ಇದ್ದದ್ದು ಶೆಡ್ಡಿನಲ್ಲಿ ಒಂದೇ.

ಅಂಚನ್ನು ದುಂಡಗೆ ಮಾಡಿ, ಅದರ ಒಳಗಡೆ ಸುತ್ತಲೂ ಒಂದು ಗೀರು ಎಳೆಯಬೇಕೆಂದು ಅವನ ಮನಸ್ಸು. ಬೆರಳ ತುದಿ ಕೂರುವಷ್ಟು ಅಗಲದ, ಅಷ್ಟೇ ಆಳದ ಗೀರು. ಹಿಡಿಕೆ ತಿರುವಿದ, ಮುಳ್ಳು ಗುರುತು ದಾಟಿತು. ಹಿಂದಕ್ಕೆ ತಿರುವಿ ಗುರುತಿಗೆ ತಂದು ನಿಲ್ಲಿಸಿದ. ಹಳೆಯ ಹಲಗೆಯ ಒಂದು ಬದಿಯನ್ನು ಅಲಗಿನ ಮೇಲೆ ಸಾಗಿಸಿದ. ಗೀರು ಸರಿಯಾಗಿ ಶುರುವಾಗಿ, ಹೋಗುತ್ತ ಹೋಗುತ್ತ ಆಳ ಕಡಿಮೆಯಾಗಿ, ಕೊನೆಗೆ ಬರೀ ಗೆರೆಯಾಯಿತು. ಆ ಬದಿಯನ್ನು ಗರಗಸದಲ್ಲಿ ಸೀಳಿ ತೆಗೆದು, ಹೊಸ ಅಂಚಿಗೆ ಮತ್ತೆ ಕೊರೆದ. ಮತ್ತೆ ಹಾಗೇ. ಮುಳ್ಳು ಗುರುತಿನ ಮೇಲೆಯೇ ಇತ್ತು, ಅಲಗು ಮಾತ್ರ ಇಳಿದಿತ್ತು. ನೈಲಾನ್ ಬಳೆ ಬಿಗಿ ಮಾಡಿದ. ಸೀಳಿದ. ಕೊರೆದ.

ಪಾರಿಸ ಬಂದು ನಿಂತ. "ಇದು ದೊಡ್ಡಮ್ಮನ ಹಲಗಿ ಅಲ್ಲೇನೋ?"

"ಹೊಸಾದ ಕೊಡೂದೈತಲ್ಲ. ಇದನ್ನ ಮತ್ತ ಯಾರ ಕೇಳತಾರ?"

"ಕೇಳಿದರ?"

"ಮಷಿನ್ ಹಿಡಿ."

ಕೊನೆಗೆ ಗುರಲಿಂಗಣ್ಣನಿಗೆ ಫೋನು ಹಚ್ಚಿದ. ಅವನು ಎಲ್ಲ ಕೇಳಿಸಿಕೊಂಡು ನಕ್ಕ.

"ಕುದರಿ ಜಾರಸಾಕತ್ತೇತೇನು? ಮ್ಯಾಲಿಂದ ಇಳದ ಬಂದ ಗುರುತಿಗೆ ನಿಂದರಬ್ಯಾಡ. ತಿರುಪಿನ್ಯಾಗ ಸಡಲ ಇರತೈತಿ, ಮೋಟರಿನ ಭಾರ ಕೆಳಗ ಜಗ್ಗತೈತಿ. ದಾಟಿತು ಅಂದರ ಪೂರಾ ಕೆಳಗ ಹೋಗು. ಅಲ್ಲಿಂದ ಏರಿ ಬಾ. ಏರಿ ಬಂದ ನಿಂತ ಕೂಡಲೇ ಕೀಲಿ ಬಿಗಿ."

ಹಾಗೆ ಮಾಡಿದ. ಗೀರು ಮೊದಲಿಂದ ಕೊನೆಯವರೆಗೆ ಒಂದೇ ಆಳದಲ್ಲಿ ಹೋಯಿತು. ಅಷ್ಟರಲ್ಲಿ ಹಳೆಯ ಹಲಗೆ ಪಟ್ಟಿ ಪಟ್ಟಿಯಾಗಿ ಗೋಡೆಯ ಬದಿ ಬಿದ್ದಿತ್ತು. ಆ ಹೊತ್ತಿನಲ್ಲಿ ಅವನಿಗೆ ಏನೂ ಅನಿಸಲಿಲ್ಲ. ಹೊಸ ಹಲಗೆಯ ಸುತ್ತ ಗೀರು ಎಳೆದು, ಮೂಲೆಗಳಲ್ಲಿ ಅದು ಕೂಡಿಕೊಂಡ ರೀತಿಗೆ ಮರುಳಾಗಿ, ಮತ್ತೊಂದು ಗೀರನ್ನೂ ಎಳೆದ.

ಮನೆಗೆ ತಂದಾಗ ಶಾಲನ ಹೊಸ ಹಲಗೆಯ ಗೀರಿನಲ್ಲಿ ಬೆರಳಿಟ್ಟು ಒಂದು ಸುತ್ತು ಬಂದಳು.

"ಇದ್ಯಾಕ ಕೊರದಿ, ಬಾಳಾ?"

"ಡಿಸೈನ್, ಆಯಿ."

"ಅರಿವೀನ ಉಡದವರಿಗೆ ಡಿಸೈನ್ ಯಾಕ?"

"ಅವರ ಸಲುವಾಗಿ ಅಲ್ಲ. ನೋಡೂ ಮಂದಿ ಇರತಾರಲ್ಲ."

"ನಮ್ಮದು ಎಲ್ಲೈತಿ?"

"ಶೆಡ್ಡಿನ್ಯಾಗ ಐತಿ."

ಅದೂ ನಿಜವೇ ಆಗಿತ್ತು. ಅವಳಿಗೆ ಸಮಾಧಾನವಾಗಲಿಲ್ಲ, ಆದರೆ ಮಗ ಕೈಯಾರೆ ಮಾಡಿದ್ದಾನೆ, ಟೆಂಪೊ ಬಾಗಿಲಿಗೆ ಬಂದಿದೆ. ಹಲಗೆಗೆ ಕುಂಕುಮ ಹಚ್ಚಿ, ತಟ್ಟೆಯಲ್ಲಿ ಸಕ್ಕರೆ ತಂದು ಅದರ ಮೇಲಿಟ್ಟು, ನೆರೆಯವರಿಗೆಲ್ಲ ಹಂಚಿದಳು. ಸಮಡೋಳಿಯ ಬಸದಿಯ ಪಕ್ಕದ ಪ್ರವಚನದ ಹಾಲಿನಲ್ಲಿ ಹಲಗೆ ಇಳಿಸಿದ ಮೇಲೆ ಪಾರಿಸ ಅದೇ ತಟ್ಟೆಯಿಂದ ಮತ್ತೊಮ್ಮೆ ಸಕ್ಕರೆ ಹಂಚಿದ. ಜನ ಹಲಗೆಯ ಸುತ್ತ ನಿಂತು ಅಂಚು ಮುಟ್ಟಿ ನೋಡಿದರು. ವಿಶ್ರಾಮಬಾಗದ ಒಬ್ಬ ಬಿಲ್ಡರು ಶ್ರೇಣಿಕನ ಫೋನ್ ನಂಬರು ಕೇಳಿದ. ಇದು ಮನೆಯಲ್ಲಿದ್ದ ಹಲಗೆಯೇ ಎಂದು ಯಾರೂ ಕೇಳಲಿಲ್ಲ. ಅವನಾಗಿ ಸುಳ್ಳು ಹೇಳುವ ಪ್ರಸಂಗವೇ ಬರಲಿಲ್ಲ.

ಮರುದಿನ ಮಧ್ಯಾಹ್ನ ಮಹಾರಾಜರು ಆಹಾರ ಮುಗಿಸಿ ಬಂದರು. ಅಥಣಿ ಸೀಮೆಯ ರೈತರ ಮನೆಯಲ್ಲಿ ಹುಟ್ಟಿದವರು. ಎತ್ತರದ, ಒಣಗಿದ ಮೈ. ಹಾಲಿನ ತುಂಬ ಜನ "ನಮೋಸ್ತು" ಎಂದು ಬಾಗಿದರು. ಅವರು ಹಲಗೆಯ ಹತ್ತಿರ ಬಂದು, ಕೂರುವ ಮೊದಲು, ಪಿಂಛಿಯಿಂದ ಮೆಲ್ಲಗೆ ಅದನ್ನು ಗುಡಿಸಿದರು. ಎಲ್ಲಿ ಕೂತರೂ, ಏನಿಟ್ಟರೂ ಹಾಗೆ ಗುಡಿಸುವುದು ಅವರ ನಿಯಮ. ಕಣ್ಣಿಗೆ ಕಾಣದ ಜೀವವೂ ತಮ್ಮ ಅಡಿಗೆ ಸಿಕ್ಕಬಾರದು. ನಡುವಿನ ಬಯಲು ಭಾಗ ಗುಡಿಸಿಯಾಯಿತು. ಪಿಂಛಿ ಅಂಚಿಗೆ ಬಂತು. ನಿಂತಿತು.

ಮಹಾರಾಜರು ಬಾಗಿ ನೋಡಿದರು. ಆಮೇಲೆ ಮೊಣಕಾಲೂರಿದರು.

ಗೀರಿನಲ್ಲಿ ಸಕ್ಕರೆಯ ಹರಳುಗಳು ಉರುಳಿ ಕೂತಿದ್ದವು. ಅವಕ್ಕೆಂದೇ ಕೊರೆದ ಹಾಗೆ ಕೂತಿದ್ದವು. ಹರಳುಗಳ ಹಿಂದೆ ಇರುವೆಗಳು, ಕೂದಲಿನಷ್ಟು ತೆಳ್ಳನೆಯವು, ಎರಡೂ ಗೀರುಗಳ ಉದ್ದಕ್ಕೂ ಸಾಲು ಹಿಡಿದಿದ್ದವು. ಮಹಾರಾಜರು ನವಿಲುಗರಿಯ ತುದಿಯಿಂದ ಅವನ್ನು ಹೊರಗೆ ಕರೆಯಲು ನೋಡಿದರು. ಗರಿ ಮುಟ್ಟಿದೊಡನೆ ಅವು ಮೂಲೆಯ ಆಳಕ್ಕೆ ಓಡಿದವು. ಇನ್ನೊಂದು ಬದಿಯಿಂದ ಪ್ರಯತ್ನಿಸಿದರು. ಅವು ಮತ್ತೆ ಈ ಬದಿಗೆ ಬಂದವು. ಬರಿಮೈಯ ಮುದುಕ ಮೊಣಕಾಲ ಮೇಲೆ, ಮುಖವನ್ನು ಹಲಗೆಗೆ ಹತ್ತಿರ ತಂದು, ಕೆಮ್ಮು ಬಂದರೆ ಇರುವೆಗಳ ಮೇಲೆ ಉಸಿರು ಬೀಳಬಾರದೆಂದು ಮುಖ ಆಚೆ ತಿರುಗಿಸಿ ಕೆಮ್ಮಿ, ಮತ್ತೆ ಬಾಗುತ್ತಿದ್ದರು. ಹಾಲಿನಲ್ಲಿ ಒಂದು ಕೂಸು ಅತ್ತಿತು. ಅದರ ತಾಯಿ ಅದನ್ನು ಹೊರಗೆ ಒಯ್ದಳು. ಮಹಾರಾಜರು ಇನ್ನೂ ಬಾಗಿಯೇ ಇದ್ದರು.

ಶ್ರೇಣಿಕ ಕಂಬದ ಹಿಂದೆ ಸರಿದ. ಅಲ್ಲಿಂದಲೂ ಅವನಿಗೆ ಅವರ ಬೆನ್ನಿನ ಎಲುಬುಗಳು ಕಂಡವು. ನೀಲಿ ತಟ್ಟೆ ತಂದದ್ದು ತಾನು ಬಾಗಬಾರದೆಂದು.

ಬಹಳ ಹೊತ್ತಿನ ಮೇಲೆ ಅವರು ಎದ್ದರು. ಯಾರು ಮಾಡಿದ್ದು ಎಂದು ಕೇಳಲಿಲ್ಲ. "ಯಾರೂ ಎತ್ತಬ್ಯಾಡ್ರಿ ಅದನ್ನ. ಅವು ತಾವ ಹೋಗೂ ತನಕಾ ಇರ್ಲಿ" ಎಂದು, ಆಚೆ ನೆಲ ಗುಡಿಸಿ, ಒದ್ದೆ ಕಲ್ಲಿನ ಮೇಲೆ ಕೂತರು.

ಹಲಗೆ ಹಾಲಿನ ನಡುವೆಯೇ ಉಳಿಯಿತು. ಕಾಕಾ ಅದರ ಸುತ್ತ ಯಾರೂ ತುಳಿಯದಂತೆ ಹಗ್ಗ ಕಟ್ಟಿಸಿದರು. ಬಂದವರೆಲ್ಲ ಇದೇನು ಎಂದು ಕೇಳಿದರು. ಗೊತ್ತಿದ್ದವರು ಹೇಳಿದರು. ಹೇಳುತ್ತ ಶ್ರೇಣಿಕ ಎಲ್ಲಿದ್ದಾನೆಂದು ತಿರುಗಿ ನೋಡಿದರು.

ಕಮಲಾಬಾಯಿ ಎನ್ನುವ ಮುದುಕಿ, ಸಮಡೋಳಿಯಲ್ಲಿ ಎಲ್ಲರ ಮನೆಯ ಹಳೆಯದನ್ನು ಬಲ್ಲವಳು, ಶಾಲನಳನ್ನು ಹಿಡಿದಳು. "ಅಲ್ಲವಾ, ನಿಮ್ಮತ್ತಿ ಹಲಗಿ ಇತ್ತಲ್ಲ. ಅದನ್ನ ತರೂದ ಬಿಟ್ಟ ಇದ್ಯಾಕ ತಂದ್ರಿ?"

"ತರತೀನ್ರಿ ಮಾವಶಿ. ನಾಳೆ ಅದನ್ನ ತರತೀನಿ."

ಮಗನ ಸ್ಕೂಟರಿನ ಹಿಂದೆ ಕೂತು ಬರುವಾಗ, ಸಾಂಗ್ಲಿ ಮುಟ್ಟಿದ ಮೇಲೆ ಅವಳು ಅಂದಳು. "ಮನಿಗೆ ಬ್ಯಾಡ. ಶೆಡ್ಡಿಗೆ ಹೊಡಿ."

"ನಾ ನಾಳೆ ತರತೀನಲ್ಲ ಆಯಿ."

"ಒರಸಿ ಇಡತೀನಿ. ನಡಿ."

ಶ್ರೇಣಿಕ ಹೇಳಲು ಬಾಯಿ ತೆರೆದ. ಎದುರಿಗೆ ಲಾರಿ ಬಂತು. ಆಮೇಲೆ ಸಿಗ್ನಲ್ಲು. ಆಮೇಲೆ ಶೆಡ್ಡೇ ಬಂತು.

ಶಾಲನ ಅಲ್ಲಿಗೆ ಬಂದದ್ದು ಗಂಡ ತೀರಿದ ಮೇಲೆ ಅದೇ ಮೊದಲು. ಪಾರಿಸ ಅಂಟು ಕಲೆಸುತ್ತಿದ್ದವನು ಎದ್ದು ನಿಂತ. ಅವಳು ಗೋಡೆಗೆ ಆನಿಸಿದ ಹಲಗೆಗಳನ್ನೆಲ್ಲ ನೋಡಿದಳು. ನೆಲ ನೋಡಿದಳು. ಪಟ್ಟಿಗಳ ರಾಶಿಯ ಹತ್ತಿರ ಕೂತು ಒಂದೊಂದನ್ನೇ ತಿರುವಿ ಹಾಕಿದಳು. ಎಲ್ಲದರ ಮೇಲೂ ಗೀರು. ಒಂದು ಬದಿ ಆಳ, ಇನ್ನೊಂದು ಬದಿ ಬರೀ ಗೆರೆ. ಅರಿಶಿನದ ಕಲೆಯಿದ್ದ ತುಂಡು ಅಂಟಿನ ಡಬ್ಬಿಯ ಕೆಳಗೆ ಆಸರೆಯಾಗಿತ್ತು. ಅದನ್ನು ಎಳೆದು ತೆಗೆದು, ಸೆರಗಿನಿಂದ ಒರೆಸಿದಳು.

ಪಾರಿಸ ಅಂಟಿನ ಡಬ್ಬಿಯನ್ನು ಆಚೆ ಸರಿಸಿದ.

"ಅಲಗಿನ ಎತ್ತರಾ ನೋಡಬೇಕಿತ್ತ ಆಯಿ" ಎಂದ ಶ್ರೇಣಿಕ. "ಅದೇ ದಪ್ಪಿಂದು ಬೇಕಿತ್ತು. ಲಿಫ್ಟ್ ಜಾರಿತು..."

ತನ್ನ ಮಾತು ತನಗೇ ಕೇಳಿಸಿತು. ಅವಳು ತುಂಡನ್ನು ಚೀಲದಲ್ಲಿಟ್ಟುಕೊಂಡು, "ಹೊತ್ತ ಮುಳಗತೈತಿ, ನಡಿ" ಎಂದಳು. ಬೈದಿದ್ದರೆ ಅವನು ಎದುರು ಮಾತಾಡುತ್ತಿದ್ದ. ಎದುರು ಮಾತಾಡಿ ಹಗುರಾಗುತ್ತಿದ್ದ.

ಅವಳು ಮರುದಿನ ಸಮಡೋಳಿಗೆ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ಹತ್ತು ದಿನದ ಪರ್ವದಲ್ಲಿ ಒಂದೊಂದು ದಿನಕ್ಕೆ ಒಂದೊಂದು ಧರ್ಮ. ಉತ್ತಮ ಸತ್ಯದ ದಿನ ಕಾಕಾ ತಾವೇ ಗಾಡಿ ಕಳಿಸಿದಾಗ ಇಲ್ಲವೆನ್ನಲಾಗದೆ ಇಬ್ಬರೂ ಹೋದರು.

ಮಹಾರಾಜರ ಪ್ರವಚನ ಆಗಷ್ಟೇ ಮುಗಿದಿತ್ತು. ಅವರು ಇನ್ನೂ ಕಲ್ಲಿನ ಮೇಲೆಯೇ ಕೂತಿದ್ದರು. ಕೆಮ್ಮು ಎದೆಗೆ ಇಳಿದಿತ್ತು. ಹಗ್ಗದೊಳಗೆ ಹಲಗೆ ಇದ್ದಲ್ಲಿಯೇ ಇತ್ತು. ಜನ ಏಳುವ ಮೊದಲು ಕಮಲಾಬಾಯಿಯ ದನಿ ಎದ್ದಿತು.

"ಶಾಲನ, ನಾಳೆ ನಾಳೆ ಅಂತ ಎಷ್ಟ ದಿನಾ ಆತು? ಮಹಾರಾಜರ ಕೆಮ್ಮ ಕೇಳವಲ್ದೇನು ನಿನಗ?"

"ಅದು ಇಲ್ಲರಿ ಮಾವಶಿ. ಹಾಳಾಗೇತಿ."

"ತೇಗಿನ ಹಲಗಿ ಹೆಂಗ ಹಾಳಾಗತೈತಿ?"

ಶಾಲನ ಮಗನ ಕಡೆ ನೋಡಲಿಲ್ಲ. "ಹುಳಾ ಹಿಡದಿತ್ತು."

"ಮತ್ತ ಏನ ಮಾಡಿದಿ?"

"ಒಲಿಗೆ ಹಾಕಿದೆ."

ಹಾಲಿನಲ್ಲಿ ಒಂದು ಸದ್ದು ಹರಿಯಿತು, ಬಹಳ ಜನ ಒಟ್ಟಿಗೆ ಉಸಿರು ಒಳಗೆ ಎಳೆದುಕೊಂಡ ಸದ್ದು. ಹುಳುವಿದ್ದ ಕಟ್ಟಿಗೆಯನ್ನು ಒಲೆಗೆ ಹಾಕುವುದೆಂದರೆ ಏನೆಂದು ಅಲ್ಲಿದ್ದ ಪ್ರತಿ ಹೆಂಗಸಿಗೂ ಗೊತ್ತಿತ್ತು. ಒಲೆ ಹಚ್ಚುವ ಮೊದಲು ಪ್ರತಿ ಸೌದೆಯನ್ನೂ ತಟ್ಟಿ ನೋಡುವವರು, ನೀರು ಸೋಸಿದ ಬಟ್ಟೆಯನ್ನು ಬಾವಿಗೇ ಜಾಡಿಸುವವರು ಅವರೆಲ್ಲ. ಶಾಲನಳ ಹತ್ತಿರ ಕೂತಿದ್ದವಳು ಗೊತ್ತಾಗದ ಹಾಗೆ ಸ್ವಲ್ಪ ಸರಿದು ಕೂತಳು. ಅದು ಶ್ರೇಣಿಕನಿಗೆ ಕಂಡಿತು.

"ಸುಳ್ಳ" ಎಂದ. ಎದ್ದು ನಿಂತಿದ್ದ. "ಆಯಿ ಸುಳ್ಳ ಹೇಳಾಕತ್ತಾಳ. ಹುಳಾ ಹಿಡದಿದ್ದಿಲ್ಲ. ಅದನ್ನ ನಾ ಕೊಯ್ದೇನಿ. ಮಷಿನ್ ಹೊಂದಸಾಕ ಕೊಯ್ದೇನಿ."

ಹೇಳಿ ಮುಗಿದ ಕ್ಷಣ ಎದೆಯ ಮೇಲಿನ ಕಲ್ಲು ಜರುಗಿದಂತಾಯಿತು. ಆಮೇಲೆ ತಾಯಿಯನ್ನು ನೋಡಿದ.

ಶಾಲನ ಸೆರಗನ್ನು ಹಣೆಯ ತನಕ ಎಳೆದುಕೊಂಡಿದ್ದಳು. ಎಲ್ಲರೂ ನೋಡುತ್ತಿದ್ದುದು ಅವಳನ್ನು, ಅವನನ್ನಲ್ಲ. ಸತ್ಯದ ದಿನ, ಪ್ರವಚನ ಮುಗಿದ ಗಳಿಗೆಯಲ್ಲಿ, ಮಹಾರಾಜರ ಎದುರು ಸುಳ್ಳು ಹೇಳಿದ ಹೆಂಗಸು. ಹೇಳಿದ್ದು ಯಾಕೆಂಬುದು ಆ ಹಾಲಿನಲ್ಲಿ ಯಾರಿಗೂ ತಿಳಿಯದೆ ಇರಲಿಲ್ಲ. ಆದರೂ ಸುಳ್ಳು ಸುಳ್ಳೇ. ಅವಳು ಎದ್ದು, ಜನ ಬಿಟ್ಟ ದಾರಿಯಲ್ಲಿ ಮುಂದೆ ಹೋಗಿ, ದೂರದಲ್ಲೇ ಮೊಣಕಾಲೂರಿದಳು.

"ಸುಳ್ಳ ಹೇಳೇನ್ರಿ ಮಹಾರಾಜರ. ಪ್ರಾಯಶ್ಚಿತ್ತ ಕೊಡ್ರಿ."

ಮಹಾರಾಜರು ಕೆಮ್ಮು ನಿಲ್ಲುವ ತನಕ ಕಾದರು. "ಚಾತುರ್ಮಾಸ ಮುಗಿಯೂ ತನಕಾ ಉಪ್ಪು ಬಿಡವ್ವಾ."

"ಹೂಂನ್ರಿ."

ಶ್ರೇಣಿಕ ಅವಳ ಹಿಂದೆಯೇ ಬಂದು ಕೂತಿದ್ದ. "ನನಗೂ ಕೊಡ್ರಿ."

ಅವರು ಅವನನ್ನು ನೋಡಿದರು. ಕಣ್ಣಲ್ಲಿ ಸಿಟ್ಟು ಇರಲಿಲ್ಲ. ಅವನು ಅದನ್ನೇ ಹುಡುಕಿದ.

"ನೀ ಖರೇ ಹೇಳೀದಿ. ಖರೇ ಹೇಳಿದವಗ ಏನ ಕೊಡಲಿ?" ಎಂದು ಪಿಂಛಿ ಎತ್ತಿ ಹರಸಿದರು.

ಹೊರಗೆ ಕಾಕಾ ಅವನ ಬೆನ್ನು ತಟ್ಟಿದರು. "ಭಲೇ ಮಗನ. ಎಲ್ಲಾರ ಮುಂದ ಎದ್ದ ನಿಂತ ಹೇಳೂದಂದರ ಸಣ್ಣ ಮಾತಲ್ಲ. ಸತ್ಯದ ದಿವಸ ಸಾರ್ಥಕ ಆತು." ಯಾರೋ ಕೈ ಕುಲುಕಿದರು. ಫೋನ್ ನಂಬರು ಕೇಳಿದ್ದ ಬಿಲ್ಡರೂ ಅಲ್ಲಿದ್ದ. ಮರಾಠಿಯಲ್ಲಿ, ಇಂಥ ಪ್ರಾಮಾಣಿಕ ಹುಡುಗನಿಗೇ ಕೆಲಸ ಕೊಡಬೇಕು ಎಂದ. ಶ್ರೇಣಿಕ ಚಪ್ಪಲಿಗಳ ರಾಶಿಯಲ್ಲಿ ತಾಯಿಯ ಚಪ್ಪಲಿ ಹುಡುಕುತ್ತ ತಲೆ ತಗ್ಗಿಸಿದವನು ಎತ್ತಲಿಲ್ಲ. ಅವರು ಗಾಡಿ ಹತ್ತುವಾಗ ಕಮಲಾಬಾಯಿಯ ಮನೆಯಿಂದ ಒಂದು ಹಲಗೆ ಬರುತ್ತಿತ್ತು, ಇಬ್ಬರ ಹೆಗಲ ಮೇಲೆ. ಹಳೆಯದು, ಬಾಣಂತಿಯರು ಮಿಂದು ಮಿಂದು ಕಪ್ಪಾದದ್ದು. ಅಂಚಿನಲ್ಲಿ ಏನೂ ಇರಲಿಲ್ಲ. ಶಾಲನ ಅದು ಬಸದಿಯ ಬಾಗಿಲು ದಾಟುವ ತನಕ ನೋಡಿ, ಆಮೇಲೆ ಮುಖ ತಿರುಗಿಸಿದಳು.

ಪರ್ವದ ದಿನಗಳಲ್ಲಿ ಅವಳದು ಒಪ್ಪತ್ತಿನ ಊಟ. ಮನೆಗೆ ಬಂದು ಅಡಿಗೆ ಮಾಡಿದಳು. ತನಗೆ ಬೇರೆ ಬೋಗುಣಿಯಲ್ಲಿ ಉಪ್ಪಿಲ್ಲದ ಬೇಳೆ ತೆಗೆದಿಟ್ಟುಕೊಂಡಳು. ಅಡಿಗೆಮನೆಯ ಹಿಂದಿನ ಗೋಡೆಯಲ್ಲಿ ಹಲಗೆ ಆನಿಸುತ್ತಿದ್ದ ಜಾಗ ಸುಣ್ಣದ ನಡುವೆ ಬೇರೆಯೇ ಬಣ್ಣವಾಗಿ ಉದ್ದಕ್ಕೆ ಉಳಿದಿತ್ತು. ಅದರ ಬುಡದಲ್ಲಿ, ನೆಲದ ಮೇಲೆ, ಅರಿಶಿನದ ಕಲೆಯ ತುಂಡು ನಿಂತಿತ್ತು.

ಶ್ರೇಣಿಕ ತಾಯಿಯ ಬೋಗುಣಿಯನ್ನು ತನ್ನ ಕಡೆ ಎಳೆದುಕೊಂಡು, ಅದರಿಂದಲೇ ಬೇಳೆ ಬಡಿಸಿಕೊಂಡ. ಒಂದು ತುತ್ತು ಬಾಯಿಗಿಟ್ಟ. ಮಣ್ಣಿನಂತಿತ್ತು. ಇನ್ನೊಂದು ತುತ್ತು ಕಲೆಸಿದ.

ಶಾಲನ ಕೈ ತಡೆದಳು.

"ಅದು ನಂದು."

"ನಾನೂ ಬಿಡತೀನಿ ಆಯಿ."

"ನಿನಗ ಕೊಟ್ಟಿಲ್ಲಲಾ ಅವರು" ಎಂದಳು. ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಕೊಡದ ವ್ರತಾ ಹಿಡೀಬಾರದು."

ಬೋಗುಣಿಯನ್ನು ತನ್ನ ಬದಿಗೆ ಸರಿಸಿಕೊಂಡು, ಉಪ್ಪಿನ ಡಬ್ಬಿ ತೆರೆದು, ಚಿಟಿಕೆ ಉಪ್ಪು ತೆಗೆದು ಅವನ ತಟ್ಟೆಯ ಅಂಚಿಗೆ ಹಾಕಿದಳು. ಅವನು ಕೂತೇ ಇದ್ದ. ಅವಳು ಕಾದಳು. ಅವನು ಕಲೆಸಿಕೊಳ್ಳುವ ತನಕ ತಾನು ತುತ್ತು ಎತ್ತುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಬೆಳಗಿನಿಂದ ಅವಳು ನೀರನ್ನೂ ಕುಡಿದಿರಲಿಲ್ಲ.

ಶ್ರೇಣಿಕ ಉಪ್ಪು ಕಲೆಸಿಕೊಂಡು ಉಂಡ. ರುಚಿಯಾಗಿತ್ತು.